ಗುಡ್ಡಕ್ಕೆ ಏರಿದ ಹಗ್ಗ

ಜನ ದಡ್ಡರು ಎಂದು ಆ ಕಾಲದಲ್ಲಿ ಎಲ್ಲರೂ ನಂಬಿದ್ದರು. ರಾಜ ನಂಬಿದ್ದ, ಮಂತ್ರಿಗಳು ನಂಬಿದ್ದರು, ಮಠದಲ್ಲಿ ಓದಿದವರು ನಂಬಿದ್ದರು. ಜನರೂ ನಂಬಿದ್ದರು, ಆದರೆ ಪಕ್ಕದ ಮನೆಯವರ ಮಟ್ಟಿಗೆ.

ಮಠದಲ್ಲಿ ಹನ್ನೆರಡು ವರ್ಷ ಓದಿ, ಮರುದಿನ ಅರಮನೆಯ ಕೆಲಸಕ್ಕೆ ಹೊರಡಲಿದ್ದ ಒಬ್ಬ ಶಿಷ್ಯ ಗುರುವಿನ ಎದುರು ಕುಳಿತು ಕೇಳಿದ:

“ಗುರುಗಳೇ, ಜನರ ಒಳ್ಳೆಯದಕ್ಕೆಂದು ಜನರಿಗೆ ಸುಳ್ಳು ಹೇಳಬಹುದೇ?”

“ಅರಮನೆಯಲ್ಲಿ ಅದಕ್ಕೆ ನನ್ನ ಅಪ್ಪಣೆ ಕೇಳುತ್ತಾರೆಯೇ?” ಎಂದರು ಗುರು.

“ಇಲ್ಲ. ನನ್ನ ಮನಸ್ಸಿಗೆ ಬೇಕಾಗಿತ್ತು.”

“ಹಾಗಾದರೆ ಕೇಳು” ಎಂದು ಗುರು ಈ ಕತೆ ಹೇಳಿದರು.

ಕಡಲಿಗೂ ಹಿನ್ನೀರಿಗೂ ನಡುವಿನ ಮರಳ ಪಟ್ಟಿಯ ಮೇಲೆ ಮೀನುಗಾರರ ಒಂದು ಊರಿತ್ತು. ಅರವತ್ತು ಮನೆ, ಮುನ್ನೂರು ಜನ. ಮಣ್ಣಿನ ಗೋಡೆ, ತೆಂಗಿನ ಮಡಲಿನ ಮಾಡು. ಊರಿನ ತುದಿಗೆ ಒಂದು ಗುಡ್ಡ, ಗುಡ್ಡದ ಮೇಲೆ ಒಂದು ಹಾಳು ಕೋಟೆ. ಅದನ್ನು ಕಟ್ಟಿಸಿದ ರಾಜನ ಹೆಸರು ಯಾರಿಗೂ ನೆನಪಿರಲಿಲ್ಲ. ಅವನ ಉಗ್ರಾಣದ ಕಲ್ಲಿನ ಚಾವಣಿ ಮಾತ್ರ ಇನ್ನೂ ಸೋರುತ್ತಿರಲಿಲ್ಲ. ರಾಜರ ಮಟ್ಟಿಗೆ ಅದು ದೊಡ್ಡ ಸಾಧನೆ.

ಊರಿಗೆಲ್ಲ ಒಂದೇ ಬಲೆ, ರಂಪಣಿ. ದೋಣಿಯವರು ಅದನ್ನು ಕಡಲಿನಲ್ಲಿ ಅರ್ಧಚಂದ್ರದ ಹಾಗೆ ಬಿಟ್ಟು, ಹಗ್ಗದ ತುದಿಗಳನ್ನು ದಡಕ್ಕೆ ತಂದುಕೊಡುತ್ತಿದ್ದರು. ಅಲ್ಲಿಂದ ಮುಂದೆ ಊರಿಗೆ ಊರೇ ನಿಂತು ಎಳೆಯಬೇಕು. ಮೀನಿನ ಹಿಂಡು ಎಲ್ಲಿದೆ, ಯಾವಾಗ ಎಳೆಯಬೇಕು ಎಂದು ನೋಡಿ ಹೇಳುವವನು ತಾಂಡೇಲ. ಅವನು “ಹಗ್ಗಕ್ಕೆ ಬನ್ನಿ” ಎಂದು ಕೂಗಿದರೆ ಉಣ್ಣುತ್ತಿದ್ದವರೂ ಎದ್ದು ಬರುತ್ತಿದ್ದರು. ಯಾಕೆಂದರೆ ಅಲ್ಲಿಯ ಕಟ್ಟಳೆ ಹಾಗಿತ್ತು: ಹಗ್ಗದ ಮೇಲೆ ಯಾರ ಕೈ ಇದೆಯೋ ಅವರಿಗೆ ಒಂದು ಪಾಲು. ಮನೆಗೆ ಒಂದಲ್ಲ, ಕೈಗೆ ಒಂದು. ಎಳೆಯುವ ಶಕ್ತಿ ಇಲ್ಲದ ಮುದುಕರು ಹಗ್ಗವನ್ನು ಮುಟ್ಟಿಕೊಂಡು ಕೂರುತ್ತಿದ್ದರು. ಬಾಣಂತಿಯರು ಕೂಸಿನ ಅಂಗೈಯನ್ನು ಹಗ್ಗಕ್ಕೆ ತಾಗಿಸಿ, ಎಲ್ಲರೂ ನೋಡಿದರೇ ಎಂದು ಸುತ್ತ ನೋಡುತ್ತಿದ್ದರು.

ತಾಂಡೇಲನಿಗೂ ಒಂದು ಕಟ್ಟಳೆ ಇತ್ತು. ಬಲೆ ಬರಿದಾಗಿ ಬಂದರೆ ಅವನ ತಪ್ಪಲ್ಲ, ಅದು ಕಡಲಿನ ಇಷ್ಟ. ಆದರೆ ಬಲೆಯನ್ನೇ ಬಿಡದೆ, ಸುಮ್ಮನೆ ಹಗ್ಗಕ್ಕೆ ಕರೆದವನು ಮತ್ತೆ ಜೀವಮಾನದಲ್ಲಿ ಕರೆಯುವಂತಿಲ್ಲ. ಎಲ್ಲರ ಹಿಂದೆ, ಹಗ್ಗದ ಬಾಲ ಹಿಡಿದು ನಿಲ್ಲಬೇಕು. ಹಾಗೆ ನಿಂತವರನ್ನು ಆ ಊರು ಅದುವರೆಗೆ ಕಂಡಿರಲಿಲ್ಲ. ಆಗಿನ ತಾಂಡೇಲನ ಅಪ್ಪ ತಾಂಡೇಲ, ಅಜ್ಜ ತಾಂಡೇಲ. ಅವನಿಗೆ ಬೇರೆ ಆಸ್ತಿ ಇರಲಿಲ್ಲ, ಬೇರೆ ಹೆಸರೂ ಯಾರಿಗೂ ಗೊತ್ತಿರಲಿಲ್ಲ.

ದೀಪಾವಳಿ ಕಳೆದು ಎಂಟು ದಿನಕ್ಕೆ ಒಂದು ಹಾಯಿಹಡಗು ತೆಂಕಣದಿಂದ ಬಂತು. ಹಾಯಿ ಇರಲಿಲ್ಲ, ಹಾಯಿಯ ಮರವೂ ಅರ್ಧ ಇತ್ತು. “ಹಿಂದೆ ಚಂಡಮಾರುತ ಬರುತ್ತಿದೆ” ಎಂದಷ್ಟೇ ಹೇಳಿ ಹಡಗಿನವರು ಹಿನ್ನೀರಿನ ಒಳಕ್ಕೆ ಹೋಗಿ ಅಡಗಿದರು. ಅದೇ ದಿನ ಅಮಲ್ದಾರನ ಡಂಗುರದವನೂ ಬಂದ. ನಾಳೆ ಮಧ್ಯಾಹ್ನದೊಳಗೆ ಎಲ್ಲರೂ ಗುಡ್ಡ ಹತ್ತಬೇಕು, ಇದು ಸರಕಾರದ ಅಪ್ಪಣೆ ಎಂದು ಮೂರು ಸಲ ಸಾರಿದ. ಆಮೇಲೆ, ತನಗೆ ಇನ್ನೂ ನಾಲ್ಕು ಊರು ಇದೆ ಎಂದು ಹೇಳಿ ಗುಡ್ಡದ ಕಡೆಗೇ ಬೇಗ ಬೇಗ ನಡೆದ.

ಊರಿನವರು ಡಂಗುರವನ್ನು ಗಮನವಿಟ್ಟು ಕೇಳಿದರು. ಕೇಳಿ ಮನೆಗೆ ಹೋಗಿ ಮೀನು ಹುರಿದರು.

ಒಬ್ಬ ಮಾಡಿನ ಮೇಲೆ ಎರಡು ಕಲ್ಲು ಹೆಚ್ಚು ಹೇರಿದ. ಒಬ್ಬ ದೋಣಿಗೆ ಮರಳು ತುಂಬಿಸಿದ. ಜೋಯಿಸನು ಈ ವಾರ ಗಾಳಿಗೆ ಬಲವಿಲ್ಲ ಎಂದು ಲೆಕ್ಕ ಹಾಕಿ ಹೇಳಿದ, ಹೇಳಿದ ಮೇಲೆ ತನ್ನ ಪಂಚಾಂಗವನ್ನು ಮೇಣದ ಬಟ್ಟೆಯಲ್ಲಿ ಸುತ್ತಿಟ್ಟ. ಊರಿಗೆ ಹಿರಿಯಳಾದ ಸಂಕಜ್ಜಿ ಜಗಲಿಯಲ್ಲಿ ಕೂತು ಎಲೆಯಡಿಕೆ ಕುಟ್ಟುತ್ತ, “ನಾನು ಮದುವೆಯಾಗಿ ಬಂದ ವರ್ಷ ಕಡಲು ಈ ಮೆಟ್ಟಿಲಿನವರೆಗೆ ಬಂದಿತ್ತು. ನನ್ನ ಅತ್ತೆಯನ್ನು ನೋಡಿ ಹಿಂದೆ ಹೋಯಿತು” ಎಂದಳು.

ಯಾರೂ ಗುಡ್ಡ ಹತ್ತುವ ಮಾತು ಆಡಲಿಲ್ಲ. ಅದಕ್ಕೆ ಕಾರಣ ದೂಮನ ಮನೆ.

ಮೂವತ್ತು ವರ್ಷಗಳ ಹಿಂದೆ ಹೀಗೆಯೇ ಒಂದು ಸುದ್ದಿ ಬಂದಿತ್ತು. ಆಗ ದೂಮನ ಅಪ್ಪ ಹೆಂಡತಿ ಮಕ್ಕಳನ್ನು ಕಟ್ಟಿಕೊಂಡು ಗುಡ್ಡ ಹತ್ತಿದ. ಗಾಳಿ ಬೇರೆ ಕಡೆಗೆ ಹೋಯಿತು. ಮರುದಿನ ಇಳಿದು ಬಂದರೆ ಊರಿಗೆ ಊರೇ ದಾರಿಯಲ್ಲಿ ನಿಂತು, “ಮೇಲೆ ಹವೆ ಹೇಗಿತ್ತು?” ಎಂದು ಕೇಳಿತು. ಅಂದಿನಿಂದ ಅದು ಗುಡ್ಡದ ಮನೆ. ಮನೆ ಇದ್ದದ್ದು ಕಡಲಿಗೆ ಎಲ್ಲರಿಗಿಂತ ಹತ್ತಿರ, ಹೆಸರು ಗುಡ್ಡದ ಮನೆ. ದೂಮ ಮೂರು ಸಲ ದೋಣಿ ಮಗುಚಿದವರನ್ನು ಈಜಿ ತಂದಿದ್ದ. ಆದರೂ ಅವನು ಗುಡ್ಡದ ದೂಮನೇ. ಅವನ ತಂಗಿಯನ್ನು ನೋಡಲು ಬಂದ ಗಂಡಿನ ಕಡೆಯವರು, “ಇವರು ಸ್ವಲ್ಪ ಬೇಗ ಹೆದರುವ ಪೈಕಿಯಂತೆ” ಎಂದು ಹೇಳಿ, ಕೊಟ್ಟ ಬೆಲ್ಲ ನೀರು ಕುಡಿದು ಹೋಗಿದ್ದರು.

ಆದ್ದರಿಂದ ಮೊದಲು ಹತ್ತುವವರು ಯಾರು ಎಂಬುದು ಪ್ರಶ್ನೆ. ಸಾಯುವುದಕ್ಕೆ ಒಂದು ದಿನ ಸಾಕು. ಹೆಸರು ಮೊಮ್ಮಕ್ಕಳ ಕಾಲಕ್ಕೂ ಉಳಿಯುತ್ತದೆ.

ತಾಂಡೇಲ ಸಂಜೆ ಕಡಲಿನ ಅಂಚಿನಲ್ಲಿ ಕೂತು ತೆರೆಗಳನ್ನು ಎಣಿಸಿದ. ಗಾಳಿ ಇರಲಿಲ್ಲ, ಆದರೂ ತೆರೆ ಮನೆಯೆತ್ತರ ಇತ್ತು. ಒಂದು ತೆರೆ ಮುರಿದು ಇನ್ನೊಂದು ಬರುವಷ್ಟರಲ್ಲಿ ಒಂದು ಎಲೆ ಹಾಕಿಕೊಳ್ಳಬಹುದಾಗಿತ್ತು. ಮರಳಿನ ಏಡಿಗಳು ಬಿಲ ಬಿಟ್ಟು ಹಿನ್ನೀರಿನ ಕಡೆಗೆ ಸಾಲಾಗಿ ಹೋಗುತ್ತಿದ್ದವು. ಏಡಿಗಳಿಗೆ ಅಡ್ಡಹೆಸರಿನ ಭಯವಿಲ್ಲ.

ಅವನಿಗೆ ಅರ್ಥವಾಯಿತು. ನಾಳೆ ಈ ಹೊತ್ತಿಗೆ ಈ ಮರಳಿನ ಮೇಲೆ ಊರು ಇರುವುದಿಲ್ಲ. ಜನರಿಗೆ ಹೇಳಿದರೆ ಕೇಳುವುದಿಲ್ಲ. ಇವರು ಒಂದೇ ಮಾತಿಗೆ ಏಳುತ್ತಾರೆ, ಆ ಮಾತು ತನ್ನ ಬಾಯಲ್ಲಿದೆ.

ಮನೆಗೆ ಬಂದು ಹೆಂಡತಿಗೆ ಹೇಳಿದ. ಅವಳು ಒಲೆಯ ಮುಂದಿನಿಂದ ಏಳದೆ ಪೂರ್ತಿ ಕೇಳಿಸಿಕೊಂಡಳು.

“ಗೊತ್ತಾದರೆ?”

“ಗೊತ್ತಾದರೆ ಹಗ್ಗದ ಬಾಲ ಹಿಡಿಯುತ್ತೇನೆ.”

“ಗೊತ್ತಾಗದೆ ಇರುತ್ತದೆಯಾ? ನಿಮ್ಮದು ಸುಳ್ಳು ಹೇಳುವ ಮುಖವಲ್ಲ. ನಮ್ಮ ಮದುವೆಯಲ್ಲಿ ಊಟ ಚೆನ್ನಾಗಿತ್ತು ಅಂತ ಹೇಳಿದಿರಲ್ಲ, ಅದನ್ನು ನನ್ನ ಅಣ್ಣ ಇನ್ನೂ ಮರೆತಿಲ್ಲ.”

“ಈ ಊರಿನವರಿಗೆ ಇಷ್ಟು ಮುಖ ಸಾಕು” ಎಂದ ತಾಂಡೇಲ.

ಬೆಳಕು ಹರಿಯುವ ಮೊದಲು ಇಬ್ಬರೂ ಸೇರಿ, ಬಲೆಮನೆಯಲ್ಲಿದ್ದ ಹಗ್ಗದ ದೊಡ್ಡ ಸುರುಳಿಯನ್ನು ಕೋಲಿಗೆ ತೂಗುಹಾಕಿ ಗುಡ್ಡಕ್ಕೆ ಹೊತ್ತರು. ಗುಡ್ಡದ ಆಚೆ ಇಳಿಜಾರಿನಲ್ಲಿ, ಹಿನ್ನೀರಿನ ಕಡೆಗೆ, ಒಂದು ಹೊನ್ನೆ ಮರ. ಹಗ್ಗದ ಒಂದು ತುದಿಯನ್ನು ಅದರ ಬುಡಕ್ಕೆ ಬಿಗಿದರು. ಇನ್ನೊಂದು ತುದಿಯನ್ನು ಗುಡ್ಡದ ನೆತ್ತಿ ದಾಟಿಸಿ, ಉಗ್ರಾಣದ ಹಿಂದಿನ ಕಿಟಕಿಯಿಂದ ಒಳಗೆ ತಂದು, ಮುಂದಿನ ಬಾಗಿಲಿನಿಂದ ಹೊರಗೆ ಬಿಟ್ಟರು. ಊರಿನ ಕಡೆಯಿಂದ ನೋಡಿದರೆ ಹಗ್ಗ ಕಾಣುತ್ತಿತ್ತು, ಮರ ಕಾಣುತ್ತಿರಲಿಲ್ಲ. ತಾಂಡೇಲ ನಾಲ್ಕು ಸಲ ಹಿಂದೆ ಮುಂದೆ ನಡೆದು ನೋಡಿ, ತನ್ನ ಜಾಣತನಕ್ಕೆ ತಾನೇ ತಲೆದೂಗಿದ.

ಸೂರ್ಯ ಹುಟ್ಟಲಿಲ್ಲ. ಆಕಾಶ ಮಾಸಿದ ತಾಮ್ರದ ಬಣ್ಣಕ್ಕೆ ತಿರುಗಿತು, ಅಷ್ಟೆ. ತಾಂಡೇಲ ಊರಿನ ನಡುವೆ ನಿಂತು, ಅಪ್ಪ ಕೂಗಿದ ಹಾಗೆ, ಅಜ್ಜ ಕೂಗಿದ ಹಾಗೆ ಕೂಗಿದ.

“ಹಗ್ಗಕ್ಕೆ ಬನ್ನಿ.”

ಬಾಗಿಲುಗಳು ತೆರೆದವು. ತಾಂಡೇಲ ಕಲಿತುಕೊಂಡು ಬಂದದ್ದನ್ನು ಒಂದೇ ಉಸಿರಿಗೆ ಹೇಳಿದ. ಗಾಳಿಗೆ ಹೆದರಿ ಬಂಗುಡೆ ಮೀನಿನ ಹಿಂಡೆಲ್ಲ ಹಿನ್ನೀರಿಗೆ ನುಗ್ಗಿದೆ. ಆಚೆ ದಡದ ಊರಿನವರು ತಮ್ಮ ಬಲೆ ಬಿಟ್ಟಿದ್ದಾರೆ. ಎಳೆಯಲು ಅವರಲ್ಲಿ ಜನವಿಲ್ಲ, ನಮ್ಮನ್ನು ಕರೆದಿದ್ದಾರೆ, ಅರ್ಧ ಮೀನು ನಮಗೆ. ದಡವೆಲ್ಲ ಕೆಸರು, ಕಾಲು ಊರಲು ಜಾಗವಿಲ್ಲ. ಅದಕ್ಕೆ ಹಗ್ಗವನ್ನು ಗುಡ್ಡದ ಮೇಲಿಂದ ಎಳೆಯಬೇಕು. ಕೈಗೆ ಒಂದು ಪಾಲು.

ಹೇಳಿ ಮುಗಿಸಿ ಅವನು ಬೆವರು ಒರೆಸಿಕೊಂಡ. ಹಿಂದೆ ಕಡಲು ಒಂದು ತೆರೆಯನ್ನು ಎತ್ತಿ ಒಡೆಯಿತು. ಸಂಕಜ್ಜಿ ಅವನ ಮುಖವನ್ನು ಸ್ವಲ್ಪ ಹೊತ್ತು ನೋಡಿದಳು.

“ಬಂಗುಡೆಯಾ?” ಎಂದಳು.

“ಬಂಗುಡೆ.”

“ದೊಡ್ಡದಾ?”

“ಇಷ್ಟು” ಎಂದು ತಾಂಡೇಲ ಮೊಣಕೈ ತೋರಿಸಿದ. ಅಷ್ಟುದ್ದದ ಬಂಗುಡೆ ಇನ್ನೂ ಹುಟ್ಟಿಲ್ಲ. ಗಾಬರಿಯಲ್ಲಿ ಕೈ ಹೆಚ್ಚು ಹೋಗಿತ್ತು.

“ಹಾಗಾದರೆ ನನ್ನನ್ನು ಎತ್ತಿಕೊಳ್ಳಿ ಮಾರಾಯ್ರೆ” ಎಂದು ಅಜ್ಜಿ ಕೈ ಚಾಚಿದಳು. “ನನ್ನ ಪಾಲು ನಾನು ಬಿಡುವವಳಲ್ಲ.”

ಅಷ್ಟೇ ಆದದ್ದು. ಊರು ಎದ್ದಿತು.

ಆಸೆ ಮನುಷ್ಯನನ್ನು ಎಷ್ಟು ಬೇಗ ಎಬ್ಬಿಸುತ್ತದೆ ಎಂದು ತಾಂಡೇಲನಿಗೇ ಆಶ್ಚರ್ಯ. ಹಗ್ಗ ಎಳೆಯಲು ಕೈ ಸಾಕು. ಇವರು ಅಕ್ಕಿಯ ಮಡಕೆ ಹೊತ್ತರು, ಚಾಪೆ ಸುತ್ತಿದರು, ತೊಟ್ಟಿಲು ಬಿಚ್ಚಿದರು, ಕೋಳಿಗಳ ಕಾಲು ಕಟ್ಟಿ ಹೆಗಲಿಗೆ ಹಾಕಿಕೊಂಡರು. ಒಬ್ಬ ಮನೆಯ ಬಾಗಿಲನ್ನೇ ಕಿತ್ತು ತಲೆಯ ಮೇಲೆ ಇಟ್ಟುಕೊಂಡಿದ್ದ.

“ಇದೆಂತದಕ್ಕೆ?” ಎಂದು ತಾಂಡೇಲ ಕೇಳಿದ.

“ಮೀನು ಕೊಯ್ಯಲು ಹಲಗೆ ಬೇಡವಾ?” ಎಂದ ಬಾಗಿಲಿನವನು.

ಮೀನು ಕಾಣುವ ಮೊದಲೇ ಹಲಗೆ ತಂದವನ ಆಸೆಯನ್ನು ಕಂಡು ತಾಂಡೇಲ ಮನಸ್ಸಿನಲ್ಲೇ ನಕ್ಕ. ಊರಿನ ಬಲೆಯನ್ನು ಮೇಲೆ ಸಾಗಿಸಲು ಅವನು ಇನ್ನೊಂದು ಸುಳ್ಳು ಕಟ್ಟಿಕೊಂಡಿದ್ದ. ಅದನ್ನು ಹೇಳುವ ಮೊದಲೇ ಹತ್ತು ಜನ ಬಲೆಯನ್ನು ಹೊತ್ತು ನಡೆಯುತ್ತಿದ್ದರು. ಆಚೆಯವರ ಬಲೆ ಮೀನಿನ ಭಾರಕ್ಕೆ ಸಾಲದೆ ಹೋದರೆ ಎಂದು ಅವರೇ ಕಾರಣ ಹೇಳಿದರು. ಸುಳ್ಳು ಕೆಲವೊಮ್ಮೆ ಹೇಳಿದವನಿಗಿಂತ ಚುರುಕಾಗಿರುತ್ತದೆ ಎಂದುಕೊಂಡು ಅವನು ಸುಮ್ಮನಾದ.

ಗುಡ್ಡದ ಬುಡದಲ್ಲಿ ಸಾಲು ನಿಂತಿತು. ಅಲ್ಲಿ ದೂಮ ಕೈ ಕಟ್ಟಿಕೊಂಡು ನಿಂತಿದ್ದ.

“ನೀನು ಹತ್ತು ದೂಮ. ದಾರಿ ನಿನಗೆ ಗೊತ್ತಲ್ಲ” ಎಂದ ಒಬ್ಬ. ಸಾಲಿನಲ್ಲಿ ನಗು ಎದ್ದಿತು.

“ನಮ್ಮ ಮನೆಯವರದು ಒಂದು ಸಲ ಆಗಿದೆ” ಎಂದ ದೂಮ. “ಈ ಸಲ ನೀವು ಮುಂದೆ. ಊರಿನ ಕೊನೆಯ ಕೋಳಿ ಹತ್ತಿದ ಮೇಲೆ ನಾನು ಹತ್ತುತ್ತೇನೆ. ಅಲ್ಲಿಯವರೆಗೆ ಈ ದಾರಿಯಲ್ಲಿ ಒಬ್ಬರೂ ಇಳಿಯುವ ಹಾಗಿಲ್ಲ.”

ಮಾತಿನಂತೆ ನಡೆದುಕೊಂಡ. ಒಂದೊಂದು ಮನೆಯ ಹೆಸರು ಹಿಡಿದು ಕೂಗಿದ. ಒಲೆಯ ಮೇಲಿನ ಗಂಜಿ ಬಿಟ್ಟು ಬರಲಾರೆ ಎಂದ ಮುದುಕನನ್ನು ಗಂಜಿಯ ಸಮೇತ ಎತ್ತಿಕೊಂಡು ಬಂದ. ಹತ್ತುವವರಿಗೆಲ್ಲ, “ಮೇಲೆ ಹವೆ ಹೇಗಿದೆ ಅಂತ ನೋಡಿ ಹೇಳಿ” ಎನ್ನುತ್ತಿದ್ದ. ಮೂವತ್ತು ವರ್ಷ ಕಾದಿದ್ದ ಮಾತು. ಒಂದೊಂದು ಸಲ ಹೇಳುವಾಗಲೂ ಅವನ ಮುಖ ಅರಳುತ್ತಿತ್ತು.

ಮಧ್ಯಾಹ್ನಕ್ಕೆ ಮುನ್ನೂರು ಜನ ಹಗ್ಗದ ಮೇಲೆ ಇದ್ದರು. “ಐಲೇಸಾ” ಎಂದು ತಾಂಡೇಲ ಹಾಡು ಎತ್ತಿದ, ಎಲ್ಲರೂ ಸೇರಿ ಎಳೆದರು. ಹಗ್ಗ ಬಿಗಿಯಿತು. ಒಂದು ಗೇಣೂ ಬರಲಿಲ್ಲ. ಮತ್ತೆ ಎಳೆದರು. ಬರಲಿಲ್ಲ.

ಮಳೆಯ ಮೊದಲ ಹನಿಗಳು ಅಡ್ಡಡ್ಡ ಬರುತ್ತಿದ್ದವು. ಹಗ್ಗವನ್ನು ಮರಕ್ಕೆ ಕಟ್ಟುವಾಗ, ಮರ ಅಲುಗುವುದಿಲ್ಲ ಎಂಬುದು ತಾಂಡೇಲನಿಗೆ ಹೊಳೆದಿರಲಿಲ್ಲ. ಈಗ ಯಾರಾದರೂ ನೆತ್ತಿ ದಾಟಿ ನೋಡಿದರೆ ಮುಗಿಯಿತು. ಅಪ್ಪ, ಅಜ್ಜ, ಕೂಗು, ಎಲ್ಲ ಆ ಮರದ ಬುಡದಲ್ಲಿ ಇತ್ತು.

“ಭಾರ ಇದೆ” ಎಂದಳು ಸಂಕಜ್ಜಿ. ಅವಳು ಚಾಪೆಯ ಮೇಲೆ ಕೂತು ಎರಡು ಬೆರಳಿನಿಂದ ಹಗ್ಗವನ್ನು ಮುಟ್ಟಿದ್ದಳು. “ತುಂಬಾ ಮೀನು. ಹೀಗೆ ಅವಸರ ಮಾಡಿದರೆ ಆಗುವುದಿಲ್ಲ. ಒಳಗೆ ಕೂತು ಎಳೆಯಬೇಕು.”

“ಅಜ್ಜಿ ಹೇಳಿದ್ದು ಸರಿ. ಇದು ನಾಳೆಯವರೆಗಿನ ಕೆಲಸ” ಎಂದ ಬಾಗಿಲಿನವನು.

ಹೀಗೆ ಮುನ್ನೂರು ಜನ ಹಗ್ಗವನ್ನು ಬಿಡದೆ, ಒಬ್ಬರ ಹಿಂದೊಬ್ಬರು ಮುಂದೆ ಸರಿಯುತ್ತ, ಉಗ್ರಾಣದೊಳಗೆ ಹೋಗಿ ಸಾಲಾಗಿ ಕೂತರು. ಹಗ್ಗ ಎಲ್ಲರ ಮಡಿಲಿನ ಮೇಲೆ ಹಾದುಹೋಗಿತ್ತು. ಕಿತ್ತು ತಂದ ಬಾಗಿಲು ಉಗ್ರಾಣದ ಬಾಯಿಗೆ ಸರಿಯಾಗಿ ಕೂತಿತು. ಕೊನೆಗೆ ದೂಮ ಒಳಗೆ ಬಂದು ಹಗ್ಗಕ್ಕೆ ಕೈ ಹಾಕಿದ. ಆಮೇಲೆ ಗಾಳಿ ಬಂತು.

ಅದರ ಶಬ್ದದ ಬಗ್ಗೆ ಹೇಳುವುದಕ್ಕೆ ಏನೂ ಇಲ್ಲ, ಯಾಕೆಂದರೆ ಒಳಗೆ ಅದಕ್ಕಿಂತ ಹೆಚ್ಚು ಗದ್ದಲವಿತ್ತು. ಹಾಡು ಹೇಳುವವರು ಹಾಡಿದರು. ಗೊತ್ತಿಲ್ಲದವರು ಇನ್ನೂ ಗಟ್ಟಿಯಾಗಿ ಹಾಡಿದರು. ಗಂಜಿಯ ಮಡಕೆ ಕೈಯಿಂದ ಕೈಗೆ ಹೋಯಿತು, ಎಲ್ಲರೂ ಎಡಗೈಯಲ್ಲಿ ಹಗ್ಗ ಹಿಡಿದು ಬಲಗೈಯಲ್ಲಿ ಉಂಡರು. ಹತ್ತು ವರ್ಷದಿಂದ ಮಾತು ಬಿಟ್ಟಿದ್ದ ಇಬ್ಬರು ವಾರಗಿತ್ತಿಯರು ಹಗ್ಗದ ಮೇಲೆ ಅಕ್ಕಪಕ್ಕ ಸಿಕ್ಕಿಬಿದ್ದು, ಮೊದಲು ಜಗಳವಾಡಿ, ಆಮೇಲೆ ಅತ್ತೆಯ ವಿಷಯದಲ್ಲಿ ಒಂದಾದರು. ದೂಮನ ತಂಗಿಗೆ ಅಲ್ಲೇ ಒಂದು ಸಂಬಂಧ ಕುದುರಿತು. ಹುಡುಗನ ತಾಯಿಗೆ ಒಂದೇ ಸಂದೇಹವಿತ್ತು. “ನಾವೂ ಗುಡ್ಡದವರೇ ಆದೆವಲ್ಲ, ಇನ್ನು ಯಾರು ಯಾರನ್ನು ಕೇಳುವುದು” ಎಂದು ಅವಳೇ ಅದನ್ನು ಬಗೆಹರಿಸಿಕೊಂಡಳು.

ಕತ್ತಲಾಗುವ ಹೊತ್ತಿಗೆ ಹಗ್ಗ ಒಮ್ಮೆ ಜಗ್ಗಿ, ಥಟ್ಟನೆ ಸಡಿಲವಾಯಿತು. ಸಾಲಿಗೆ ಸಾಲೇ ಹಿಂದಕ್ಕೆ ಒರಗಿತು. ಹೊರಗೆ ಮರ ಬುಡ ಮೇಲಾಗಿದೆ ಎಂದು ತಾಂಡೇಲನಿಗೆ ಗೊತ್ತಾಯಿತು. ಹಾಡು ನಿಂತಿತು.

“ಬಲೆ ಹರಿಯಿತು” ಎಂದ ದೂಮ.

“ಹರಿಯಿತು” ಎಂದರು ಇನ್ನೊಂದು ಕಡೆಯಿಂದ. “ಪಾಪ, ಆಚೆಯವರ ಹೊಸ ಬಲೆ.”

“ಮೀನು ಹೋಯಿತು. ಮೊಣಕೈಯುದ್ದದ ಬಂಗುಡೆ” ಎಂದು ಸಂಕಜ್ಜಿ ನಿಟ್ಟುಸಿರು ಬಿಟ್ಟಳು. ಯಾರೋ ಕಿಸಕ್ಕೆಂದರು. ಆಮೇಲೆ ಇಡೀ ಉಗ್ರಾಣ ನಕ್ಕಿತು, ಕಣ್ಣಲ್ಲಿ ನೀರು ಬರುವಷ್ಟು ನಕ್ಕಿತು. ಪಾಲು ಕಳೆದುಕೊಂಡವರು ಹೀಗೆ ನಗುವುದನ್ನು ತಾಂಡೇಲ ಕಂಡಿರಲಿಲ್ಲ. ಮೀನು ಹೋದ ದುಃಖಕ್ಕೆ ಜನ ಹೀಗಾಗಿದ್ದಾರೆ ಎಂದುಕೊಂಡು ಅವನೂ ನಕ್ಕ.

ಬೆಳಿಗ್ಗೆ ಬಾಗಿಲು ಸರಿಸಿದಾಗ ಆಕಾಶ ತೊಳೆದ ಹಾಗಿತ್ತು. ಕೆಳಗೆ ಊರು ಇರಲಿಲ್ಲ. ಅರವತ್ತು ಮನೆಗಳಲ್ಲಿ ಒಂದರ ಗುರುತೂ ಇರಲಿಲ್ಲ. ಮರಳು ಹಾಸಿದ ಹೊಸ ಬಟ್ಟೆಯ ಹಾಗೆ ಬಿದ್ದಿತ್ತು. ಮುನ್ನೂರು ಜನ, ನಲವತ್ತು ಕೋಳಿ, ಒಂದು ಬಲೆ, ಒಂದು ಬಾಗಿಲು ಗುಡ್ಡದ ಮೇಲಿದ್ದವು. ಜನ ಒಬ್ಬರನ್ನೊಬ್ಬರು ಎಣಿಸಿದರು, ತಪ್ಪಿರಬಹುದೆಂದು ಮತ್ತೆ ಎಣಿಸಿದರು. ಲೆಕ್ಕ ಸರಿಯಾದ ಮೇಲೆ ಒಂದು ಕೋಳಿಯನ್ನೂ ಉಳಿಸದೆ ಅಡಿಗೆ ಮಾಡಿದರು.

ಎಲ್ಲರೂ ಕಡಲಿನ ಕಡೆಗೆ ಮುಖ ಮಾಡಿ ಕೂತು ಉಣ್ಣುತ್ತಿದ್ದಾಗ, ತಾಂಡೇಲ ಮತ್ತು ಅವನ ಹೆಂಡತಿ ಮೆಲ್ಲಗೆ ಆಚೆ ಇಳಿಜಾರಿಗೆ ಹೋಗಿ, ಬಿದ್ದ ಮರದಿಂದ ಹಗ್ಗವನ್ನು ಬಿಚ್ಚಿ ತಂದರು. ಅದೃಷ್ಟಕ್ಕೆ ಒಬ್ಬರೂ ಆ ಕಡೆ ತಿರುಗಲಿಲ್ಲ.

ಹದಿನೈದು ದಿನಕ್ಕೆ ಹೊಸ ಗುಡಿಸಲುಗಳು ಎದ್ದವು. ಮರಳು ತುಂಬಿಸಿಟ್ಟಿದ್ದ ದೋಣಿಯೂ ಮರಳಿನಡಿ ಸಿಕ್ಕಿತು. ಒಂದು ಬೆಳಿಗ್ಗೆ ಸಂಕಜ್ಜಿಯೇ ತಾಂಡೇಲನ ಬಾಗಿಲಿಗೆ ಬಂದು, “ಮೀನು ಬಂದಿರಬೇಕು, ಕೂಗುವುದಿಲ್ಲವಾ?” ಎಂದಳು. ಅವನು ಕೂಗಿದ. ಎಲ್ಲರೂ ಬಂದರು. ಅವನ ಕೂಗಿಗೆ ಅದರ ನಂತರವೂ ಇಪ್ಪತ್ತು ವರ್ಷ ಊರು ಎದ್ದು ಬಂತು.

ಮುದುಕನಾದ ಮೇಲೆ ಆ ತಾಂಡೇಲ ಈ ಮಠಕ್ಕೆ ಬಂದಿದ್ದ. ಇದೇ ಜಗಲಿಯಲ್ಲಿ ಕೂತು ನನಗೆ ಇದನ್ನೆಲ್ಲ ಹೇಳಿದ. “ಸ್ವಾಮಿ, ಮುನ್ನೂರು ಜನಕ್ಕೆ ಒಬ್ಬನೇ ಮೋಸ ಮಾಡಿದೆ. ಒಬ್ಬರಿಗೂ ಗೊತ್ತಾಗಲಿಲ್ಲ. ನಮ್ಮೂರಿನವರಷ್ಟು ಸಾಧುಗಳು ಈ ಕರಾವಳಿಯಲ್ಲಿಲ್ಲ” ಎಂದು ಹೇಳಿ, ಹಲ್ಲಿಲ್ಲದ ಬಾಯಲ್ಲಿ ನಕ್ಕ.

ಇಷ್ಟು ಹೇಳಿ ಗುರು ಕತೆ ಮುಗಿಸಿದರು.

ಶಿಷ್ಯನಿಗೆ ಸಂತೋಷವಾಯಿತು. ಅರಮನೆಯ ಕೆಲಸಕ್ಕೆ ಬೇಕಾದದ್ದು ಸಿಕ್ಕಿತ್ತು. “ಹಾಗಾದರೆ ಹೇಳಬಹುದು ಎಂದಾಯಿತು, ಗುರುಗಳೇ” ಎಂದ. “ಜನರಿಗೆ ತಮ್ಮ ಒಳಿತು ತಿಳಿಯುವುದಿಲ್ಲ. ಅವನು ಮೋಸ ಮಾಡದಿದ್ದರೆ ಅವರೆಲ್ಲ ಅಲ್ಲೇ ಕೂತು ಸಾಯುತ್ತಿದ್ದರು.”

ಗುರು ಎದ್ದು ನಿಂತು, ಒಳಗೆ ಹೋಗುವ ಮೊದಲು ಹೇಳಿದರು:

“ಬಲೆಗೆ ಕಟ್ಟಿದ ಹಗ್ಗ ಯಾವುದು, ಮರಕ್ಕೆ ಕಟ್ಟಿದ ಹಗ್ಗ ಯಾವುದು ಎಂಬುದು ಆ ಊರಿನಲ್ಲಿ ಆರು ವರ್ಷದ ಮಗುವಿಗೂ ಮುಟ್ಟಿದ ಕೂಡಲೇ ಗೊತ್ತಾಗುತ್ತದೆ.”